ಕ್ಯೂ ಲೆಕ್ಕ ತಿಳಿದರೆ ಥೀಮ್ ಪಾರ್ಕ್ ತಿಳಿಯುತ್ತದೆ

ವಿದೇಶ ಪ್ರವಾಸಕ್ಕೆ ಹೊರಟವರು ಥೀಮ್ ಪಾರ್ಕ್ ಬಗ್ಗೆ ಕೇಳುವ ಮೊದಲ ಪ್ರಶ್ನೆ ಒಂದೇ: ಯಾವುದು ಚೆನ್ನಾಗಿದೆ? ಟೋಕಿಯೋದ ಡಿಸ್ನಿಯೋ, ಒರ್ಲಾಂಡೋದ್ದೋ? ಯೂನಿವರ್ಸಲ್ ನೋಡಲು ಸಿಂಗಪುರ ಸಾಕಾ, ಒಸಾಕಾಗೇ ಹೋಗಬೇಕಾ? ಉತ್ತರವಾಗಿ ಸಿಗುವುದು ಸಾಮಾನ್ಯವಾಗಿ ಒಂದು ಪಟ್ಟಿ. ಅಲ್ಲಿ ಇಷ್ಟು ರೈಡ್, ಇಲ್ಲಿ ಇಷ್ಟು ರೈಡ್, ಅದರ ಕೋಸ್ಟರ್ ಇಷ್ಟು ಎತ್ತರ. ಈ ಪಟ್ಟಿ ನಂಬಿ ಟಿಕೆಟ್ ತೆಗೆದುಕೊಂಡವರಿಗೆ ಅಲ್ಲಿ ಸಿಗುವ ದಿನ ಬೇರೆಯೇ ಆಗಿರುತ್ತದೆ.

ಲೆಕ್ಕ ಹಾಕಿ ನೋಡಿ. ರೋಲರ್ ಕೋಸ್ಟರ್ ಓಟ ಎರಡು ಮೂರು ನಿಮಿಷ. ದೋಣಿಯಲ್ಲೋ ಗಾಡಿಯಲ್ಲೋ ಕೂತು ಕಥೆ ನೋಡುವ ರೈಡ್ ಆದರೆ ಐದರಿಂದ ಹತ್ತು ನಿಮಿಷ. ಬೆಳಗ್ಗೆಯಿಂದ ರಾತ್ರಿವರೆಗೆ ಹತ್ತು ರೈಡ್ ಹತ್ತಿದರೂ ಸೀಟಿನಲ್ಲಿ ಕೂತ ಹೊತ್ತು ಒಂದು ಗಂಟೆ ದಾಟುವುದು ಕಷ್ಟ. ಪಾರ್ಕಿನಲ್ಲಿ ಕಳೆದದ್ದು ಹನ್ನೆರಡು ಗಂಟೆ. ಉಳಿದ ಹನ್ನೊಂದು ಗಂಟೆ ಹೋಗುವುದು ಕ್ಯೂನಲ್ಲಿ, ನಡಿಗೆಯಲ್ಲಿ, ಊಟದಲ್ಲಿ, ನೆರಳು ಹುಡುಕುವುದರಲ್ಲಿ, ಮೆರವಣಿಗೆ ನೋಡುವುದರಲ್ಲಿ, ಸುಮ್ನೆ ಕೂರುವುದರಲ್ಲಿ. ಒಂದು ಪಾರ್ಕಿಗೂ ಇನ್ನೊಂದಕ್ಕೂ ದೊಡ್ಡ ವ್ಯತ್ಯಾಸ ಇರುವುದು ಈ ಹನ್ನೊಂದು ಗಂಟೆಯಲ್ಲೇ. ಅದಕ್ಕೇ ಯಾರಾದರೂ ಕೇಳಿದರೆ ನಾನು ರೈಡ್ ಪಟ್ಟಿ ಬದಿಗಿಟ್ಟು ಮೊದಲು ಕ್ಯೂ ಲೆಕ್ಕ ಹೇಳುತ್ತೇನೆ.

ಸಾಲಿನ ಉದ್ದ, ಸಾಲಿನ ವೇಗ

ಸಾಲು ಎಷ್ಟು ಉದ್ದ ಇದೆ ಅಂತ ನೋಡಿದ ಮಾತ್ರಕ್ಕೆ ಎಷ್ಟು ಹೊತ್ತು ಕಾಯಬೇಕು ಅನ್ನುವುದು ಗೊತ್ತಾಗುವುದಿಲ್ಲ. ಆ ರೈಡ್ ಗಂಟೆಗೆ ಎಷ್ಟು ಜನರನ್ನು ಹತ್ತಿಸಿಕೊಳ್ಳುತ್ತದೆ ಅನ್ನುವುದೂ ಬೇಕು. ಮುಂದೆ 1,200 ಜನ ನಿಂತಿದ್ದಾರೆ ಅಂದುಕೊಳ್ಳಿ. ಗಂಟೆಗೆ 1,200 ಜನ ಹತ್ತುವ ರೈಡ್ ಆದರೆ ಒಂದು ಗಂಟೆ ಕಾಯಬೇಕು. 2,400 ಜನ ಹತ್ತುವುದಾದರೆ ಅರ್ಧ ಗಂಟೆ. 600 ಆದರೆ ಎರಡು ಗಂಟೆ. ಮೂರೂ ಸಾಲು ಕಣ್ಣಿಗೆ ಒಂದೇ ಥರ ಕಾಣುತ್ತವೆ, ಕಾಲಿಗೆ ಮಾತ್ರ ಬೇರೆ ಬೇರೆ.

ಈ ಅಂಕಿ ಎಲ್ಲಿಂದ ಬರುತ್ತದೆ ಅನ್ನುವುದನ್ನು ಕೋಸ್ಟರ್ ಹತ್ತುವ ಕಟ್ಟೆಯ ಮೇಲೆ ನಿಂತಾಗ ನೀವೇ ನೋಡಬಹುದು. ಒಂದು ಟ್ರೈನಿನಲ್ಲಿ 24 ಸೀಟು ಇವೆ ಅನ್ನಿ. ಟ್ರೈನ್ ಬಂದು ನಿಲ್ಲುತ್ತದೆ. ಕೂತಿದ್ದವರು ಆ ಕಡೆ ಇಳಿಯುತ್ತಾರೆ, ಹೊಸಬರು ಈ ಕಡೆಯಿಂದ ಹತ್ತುತ್ತಾರೆ. ತೊಡೆಯ ಮೇಲೆ ಬಾರ್ ಇಳಿಯುತ್ತದೆ. ಸಿಬ್ಬಂದಿ ಒಂದೊಂದೇ ಬಾರ್ ಎಳೆದು ನೋಡುತ್ತಾ ಬರುತ್ತಾರೆ, ಕೊನೆಗೆ ಹೆಬ್ಬೆರಳು ಎತ್ತಿ ತೋರಿಸುತ್ತಾರೆ, ಟ್ರೈನ್ ಹೊರಡುತ್ತದೆ. ಒಂದು ಟ್ರೈನ್ ಹೊರಟ ಒಂದು ನಿಮಿಷಕ್ಕೆ ಮುಂದಿನದು ಹೊರಟರೆ ಗಂಟೆಗೆ 1,440 ಜನ. ಯಾರದೋ ಬ್ಯಾಗು, ಯಾರದೋ ಟೋಪಿ, ಯಾರಿಗೋ ಬಾರ್ ಸರಿಯಾಗಿ ಕೂರಲಿಲ್ಲ ಅಂತ ಅದು ಒಂದೂವರೆ ನಿಮಿಷವಾದರೆ ಬರೀ 960. ಅರ್ಧ ನಿಮಿಷದ ತಡಕ್ಕೆ ಮೂರರಲ್ಲಿ ಒಂದು ಪಾಲು ಸೀಟು ಹೋಯಿತು. ದೊಡ್ಡ ಕೋಸ್ಟರ್‌ಗಳ ಬಾಗಿಲಲ್ಲೇ ಬ್ಯಾಗನ್ನು ಲಾಕರ್‌ನಲ್ಲಿ ಇಟ್ಟು ಬನ್ನಿ ಅನ್ನುವುದಕ್ಕೆ ಸುರಕ್ಷತೆಯ ಜೊತೆಗೆ ಈ ಕಾರಣವೂ ಇದೆ.

ಇನ್ನೊಂದು ಸಂಗತಿ ಬಹಳ ಜನರಿಗೆ ತಿಳಿದಿರುವುದಿಲ್ಲ. ಕೋಸ್ಟರ್ ಹಳಿಯನ್ನು ಬ್ಲಾಕ್‌ಗಳಾಗಿ ಹಂಚಿರುತ್ತಾರೆ. ಒಂದು ಬ್ಲಾಕ್‌ನಲ್ಲಿ ಒಂದು ಹೊತ್ತಿಗೆ ಒಂದೇ ಟ್ರೈನ್ ಇರಬೇಕು. ಮುಂದಿನ ಬ್ಲಾಕ್ ಖಾಲಿಯಾಗದಿದ್ದರೆ ಹಿಂದಿನ ಟ್ರೈನನ್ನು ಬ್ರೇಕು ಹಿಡಿದು ನಿಲ್ಲಿಸುತ್ತದೆ. ಹಾಗಾಗಿ ಹಳಿಯ ಮೇಲೆ ಎಷ್ಟು ಟ್ರೈನ್ ಓಡಿಸಬಹುದು ಅನ್ನುವುದಕ್ಕೆ ಒಂದು ಮಿತಿ ಇದೆ. ಜನ ಕಡಿಮೆ ಇರುವ ದಿನಗಳಲ್ಲಿ ಕೆಲವು ಪಾರ್ಕುಗಳು ಎರಡು ಟ್ರೈನ್ ಬದಲು ಒಂದನ್ನೇ ಓಡಿಸುತ್ತವೆ. ಆಗ ಗಂಟೆಯ ಲೆಕ್ಕ ಅರ್ಧಕ್ಕೆ ಬೀಳುತ್ತದೆ. ಪಾರ್ಕ್ ಖಾಲಿ ಹೊಡೆಯುತ್ತಿದ್ದರೂ ಒಂದು ಕೋಸ್ಟರ್ ಮುಂದೆ ಮಾತ್ರ ಉದ್ದ ಸಾಲು ಕಂಡರೆ ಕಾರಣ ಇದೇ ಇರಬಹುದು.

ಇದಕ್ಕೆ ತದ್ವಿರುದ್ಧ ನಿಲ್ಲದೇ ಸಾಗುವ ಗಾಡಿ. ಡಿಸ್ನಿಯ ದೆವ್ವದ ಮನೆಯ ರೈಡ್ ಹಾಂಟೆಡ್ ಮ್ಯಾನ್ಷನ್‌ನಲ್ಲಿ ಗಾಡಿಗಳೆಲ್ಲ ಒಂದಕ್ಕೊಂದು ಸೇರಿ ಸರಪಳಿಯಾಗಿ ಸಾಗುತ್ತಲೇ ಇರುತ್ತವೆ, ನಾವು ಎಸ್ಕಲೇಟರ್ ಹತ್ತುವ ಹಾಗೆ ನಡೆಯುತ್ತಾ ಹತ್ತಬೇಕು. ನಿಲ್ಲಿಸಿ ಹತ್ತಿಸುವ ತಂಟೆಯೇ ಇಲ್ಲದ್ದರಿಂದ ಗಂಟೆಗೆ 2,000ಕ್ಕೂ ಜಾಸ್ತಿ ಜನ ಒಳಗೆ ಹೋಗುತ್ತಾರೆ. ಅದೇ ಪಾರ್ಕಿನ ಪೀಟರ್ ಪ್ಯಾನ್ಸ್ ಫ್ಲೈಟ್ ಚಿಕ್ಕದು, ಹಳೆಯದು, ತಲೆಯ ಮೇಲಿನ ಹಳಿಗೆ ನೇತುಬಿದ್ದ ಪುಟ್ಟ ಹಡಗಿನಲ್ಲಿ ಕೂರುವವರು ಎರಡು ಮೂರೇ ಜನ. ಮಕ್ಕಳಿರುವ ಮನೆಯವರೆಲ್ಲ ಅಲ್ಲಿಗೇ ಬರುತ್ತಾರೆ. ದೊಡ್ಡ ಕೋಸ್ಟರ್ ಮುಂದಿರುವಷ್ಟೇ ಕಾಯುವಿಕೆ ಅಲ್ಲೂ ಇರುತ್ತದೆ. ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಎಲ್ಲಿಗೆ ಹೋಗಬೇಕು ಅಂತ ಯೋಚಿಸುವಾಗ ಇಂಥ ಪುಟ್ಟ ಗಾಡಿಗಳ ರೈಡನ್ನು ನೆನಪಿಡಿ. ಸಾಗುತ್ತಲೇ ಇರುವ ಗಾಡಿಗಳ ರೈಡು ಮಧ್ಯಾಹ್ನಕ್ಕೂ ಆಗುತ್ತದೆ.

ಈಗ ಇಡೀ ಪಾರ್ಕಿನ ಲೆಕ್ಕ. ಫ್ಲಾರಿಡಾದ ಒರ್ಲಾಂಡೋ ಬಳಿಯ ಡಿಸ್ನಿ ಪಾರ್ಕ್ ಮ್ಯಾಜಿಕ್ ಕಿಂಗ್‌ಡಂಗೆ 2023ರಲ್ಲಿ ಅಂದಾಜು 1.77 ಕೋಟಿ ಜನ ಬಂದರು. ದಿನಕ್ಕೆ ಸರಾಸರಿ 48 ಸಾವಿರ. ಇಷ್ಟು ಜನರಿಗೆ 25 ರೈಡ್, ಒಂದೊಂದೂ ಗಂಟೆಗೆ 1,200 ಜನರನ್ನು ಹತ್ತಿಸುತ್ತದೆ, ಪಾರ್ಕ್ 12 ಗಂಟೆ ತೆರೆದಿರುತ್ತದೆ ಅಂತ ಊಹಿಸಿಕೊಳ್ಳಿ. ಒಟ್ಟು 3.6 ಲಕ್ಷ ಸೀಟು. ಒಂದೂ ಸೀಟು ಖಾಲಿ ಹೋಗದಿದ್ದರೂ ತಲೆಗೆ ಏಳೂವರೆ. ಯಾರೋ ಒಬ್ಬರು ಹದಿನೈದು ರೈಡ್ ಮಾಡಿದರು ಅಂದರೆ ಇನ್ಯಾರೋ ಸೊನ್ನೆಯ ಹತ್ತಿರ ಉಳಿದಿದ್ದಾರೆ ಅಂತಲೇ ಅರ್ಥ. ಮೆರವಣಿಗೆ, ನಾಟಕ, ಪಟಾಕಿ, ಕೂತು ಉಣ್ಣುವ ದೊಡ್ಡ ಹೋಟೆಲು, ಇವೆಲ್ಲ ರಂಜನೆ ಹೌದು, ಜೊತೆಗೆ ಸಾಲಿನಿಂದ ಸಾವಿರಾರು ಜನರನ್ನು ಹೊರಗೆ ಸೆಳೆಯುವ ಉಪಾಯವೂ ಹೌದು. ಮೆರವಣಿಗೆ ಹೊರಟ ಹೊತ್ತಿಗೆ ರೈಡುಗಳ ಕ್ಯೂ ಇಳಿಯುವುದನ್ನು ಆಪ್‌ನಲ್ಲೇ ನೋಡಬಹುದು.

ದುಡ್ಡು ಕೊಟ್ಟವರ ಸಾಲು

ಸಾಲಿನಲ್ಲಿ ನಿಂತವರಿಗೆ ಬೇಜಾರು ತರುವುದು ಪಕ್ಕದ ಇನ್ನೊಂದು ಸಾಲು. ಅದರಲ್ಲಿ ಬಂದವರು ಸರಸರನೆ ಮುಂದೆ ಹೋಗುತ್ತಿರುತ್ತಾರೆ. ಡಿಸ್ನಿ 1999ರಲ್ಲಿ ಫಾಸ್ಟ್‌ಪಾಸ್ ಶುರು ಮಾಡಿದಾಗ ಅದು ಎಲ್ಲರಿಗೂ ಉಚಿತವಾಗಿತ್ತು. ಚೀಟಿ ತೆಗೆದುಕೊಂಡು, ಅದರಲ್ಲಿ ಬರೆದ ಹೊತ್ತಿಗೆ ವಾಪಸ್ ಬಂದರೆ ಆಯಿತು. ಈಗ ಅಮೆರಿಕದ ಡಿಸ್ನಿ ಪಾರ್ಕುಗಳಲ್ಲಿ ಅದರ ಜಾಗಕ್ಕೆ ಬಂದಿರುವುದು ಲೈಟ್ನಿಂಗ್ ಲೇನ್. ಅದಕ್ಕೆ ಬೇರೆ ದುಡ್ಡು, ದಿನಕ್ಕೊಂದು ಬೆಲೆ.

ಇಲ್ಲೂ ಒಂದು ಲೆಕ್ಕ ಇದೆ. ಗಂಟೆಗೆ 1,200 ಸೀಟು ಇರುವ ರೈಡಿನಲ್ಲಿ ಹತ್ತಕ್ಕೆ ಏಳು ಸೀಟು ಪಾಸ್ ಇದ್ದವರಿಗೆ ಹೋಯಿತು ಅನ್ನಿ. ಮಾಮೂಲಿ ಸಾಲಿಗೆ ಉಳಿಯುವುದು 360. ಅಂದರೆ ನಿಮ್ಮ ಮುಂದೆ 360 ಜನ ಇದ್ದರೂ ಒಂದು ಗಂಟೆ ನಿಲ್ಲಬೇಕು. "ಸಾಲು ಚಿಕ್ಕದಿದೆ, ಬೇಗ ಆಗುತ್ತೆ" ಅಂತ ನುಗ್ಗಿದವರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಮುಖ್ಯ ಸಾಲು ಮತ್ತು ಪಾಸ್ ಸಾಲು ಕೂಡುವ ಜಾಗದಲ್ಲಿ ನಿಂತಿರುವ ಸಿಬ್ಬಂದಿಯನ್ನು ಎರಡು ನಿಮಿಷ ಗಮನಿಸಿ. ಆ ಕಡೆಯಿಂದ ಎಷ್ಟು ಜನರನ್ನು ಬಿಟ್ಟಮೇಲೆ ಈ ಕಡೆಯವರನ್ನು ಬಿಡುತ್ತಾರೆ ಅನ್ನುವುದರಲ್ಲೇ ನಿಮ್ಮ ಉತ್ತರ ಇರುತ್ತದೆ.

ದೇಶದಿಂದ ದೇಶಕ್ಕೆ ಈ ಪದ್ಧತಿ ಬದಲಾಗುತ್ತದೆ, ಹೋಲಿಸುವಾಗ ಇದನ್ನು ಖಂಡಿತ ನೋಡಬೇಕು. ಟೋಕಿಯೋದಲ್ಲಿ ಒಂದು ದಿನದ ಟಿಕೆಟ್ ದೊಡ್ಡವರಿಗೆ 7,900 ಯೆನ್‌ನಿಂದ 10,900 ಯೆನ್‌ವರೆಗೆ, ದಿನ ನೋಡಿ ಬೆಲೆ. ಸಾಲು ತಪ್ಪಿಸುವ ಪಾಸ್, ಅಂದರೆ ಪ್ರೀಮಿಯರ್ ಆ್ಯಕ್ಸೆಸ್ ಬೇಕಾದರೆ ಒಂದೊಂದು ರೈಡಿಗೂ ಬೇರೆ ಬೇರೆಯಾಗಿ ಕೊಳ್ಳಬೇಕು, ಸಾಮಾನ್ಯವಾಗಿ 1,500ರಿಂದ 2,500 ಯೆನ್. ಅದರ ಜೊತೆಗೆ 2023ರಲ್ಲಿ 40ನೇ ವರ್ಷದ ಹೆಸರಿನಲ್ಲಿ ಉಚಿತ ಪ್ರಯಾರಿಟಿ ಪಾಸನ್ನೂ ತಂದರು. ಇವೆಲ್ಲ ಆಪ್‌ನಲ್ಲಿ ತೆರೆಯುವುದು ನೀವು ಗೇಟು ದಾಟಿ ಒಳಗೆ ಹೋದಮೇಲೆ. ಹಾಗಾಗಿ ಅಲ್ಲಿ ಬೆಳಗ್ಗೆ ಬೇಗ ಬಂದವರಿಗೆ ದುಡ್ಡು ಇರುವವರಷ್ಟೇ ಲಾಭ.

ಯೂನಿವರ್ಸಲ್‌ನ ಎಕ್ಸ್‌ಪ್ರೆಸ್ ಪಾಸ್ ಬೇರೆ ಥರ. ಒರ್ಲಾಂಡೋದ ಕೆಲವು ದುಬಾರಿ ಹೋಟೆಲುಗಳಲ್ಲಿ ಉಳಿದವರಿಗೆ ಹಳೆಯ ಎರಡು ಪಾರ್ಕುಗಳ ಪಾಸ್ ಕೋಣೆ ಬಾಡಿಗೆಯಲ್ಲೇ ಸೇರಿರುತ್ತದೆ. ನಾಲ್ಕು ಜನ ಒಂದೇ ಕೋಣೆಯಲ್ಲಿ ಉಳಿಯುವುದಾದರೆ, ಕಡಿಮೆ ಬೆಲೆಯ ಹೋಟೆಲು ಮತ್ತು ನಾಲ್ಕು ಪಾಸಿನ ಒಟ್ಟು ಖರ್ಚನ್ನು ಇದರ ಜೊತೆ ಇಟ್ಟು ನೋಡಬೇಕು. ಎಷ್ಟೋ ಸಲ ದುಬಾರಿ ಕೋಣೆಯೇ ಅಗ್ಗವಾಗುತ್ತದೆ. ಒಸಾಕಾದಲ್ಲಿ ಎಕ್ಸ್‌ಪ್ರೆಸ್ ಪಾಸ್ ಅಂದರೆ ಇಂತಿಷ್ಟೇ ರೈಡು, ಹಲವಕ್ಕೆ ಇಂಥದ್ದೇ ಹೊತ್ತು. ಅಲ್ಲಿನ ವಿಡಿಯೋ ಗೇಮ್ ಲೋಕ ಸೂಪರ್ ನಿಂಟೆಂಡೋ ವರ್ಲ್ಡ್ ಒಳಗೆ ಕಾಲಿಡಲೇ ಜನಜಂಗುಳಿಯ ದಿನ ಹೊತ್ತು ಗೊತ್ತುಮಾಡಿದ ಟಿಕೆಟ್ ಬೇಕು. ಪ್ರಯಾಣದ ದಿನಾಂಕ ಗಟ್ಟಿಯಾದ ಕೂಡಲೇ ಇದನ್ನು ನೋಡಿಕೊಳ್ಳಿ, ಮಾರಾಟ ಮುಗಿದಮೇಲೆ ದಾರಿ ಇಲ್ಲ.

ಒಬ್ಬರೇ ಹೋಗುವವರಿಗೆ ಅಥವಾ ಬೇರೆ ಬೇರೆ ಕೂರಲು ತಯಾರಿರುವವರಿಗೆ ಸಿಂಗಲ್ ರೈಡರ್ ಸಾಲು ದೊಡ್ಡ ವರ. ನಾಲ್ಕು ಸೀಟಿನ ಸಾಲಿನಲ್ಲಿ ಮೂವರ ಕುಟುಂಬ ಕೂತರೆ ಒಂದು ಸೀಟು ಖಾಲಿ. ಅದನ್ನು ತುಂಬಲು ಈ ಸಾಲು. ಪೈಸೆ ಖರ್ಚಿಲ್ಲ. ನಷ್ಟ ಒಂದೇ, ಹಲವು ಕಡೆ ಕ್ಯೂ ಒಳಗಿನ ಅಲಂಕಾರ ತಪ್ಪಿಹೋಗುತ್ತದೆ. ಹ್ಯಾರಿ ಪಾಟರ್‌ನ ಫರ್ಬಿಡನ್ ಜರ್ನಿ ರೈಡಿನಲ್ಲಿ ಅದು ಸಣ್ಣ ನಷ್ಟವಲ್ಲ. ಅಲ್ಲಿ ಕೋಟೆಯ ಕೋಣೆಗಳು, ಮಾತಾಡುವ ಚಿತ್ರಪಟಗಳು, ಎಲ್ಲ ಕ್ಯೂ ದಾರಿಯಲ್ಲೇ ಇವೆ. ಮೊದಲ ಸಲ ಮಾಮೂಲಿ ಸಾಲಿನಲ್ಲೇ ಹೋಗಿ ಅನ್ನುತ್ತೇನೆ.

ಒಂದೇ ಹೆಸರು, ಬೇರೆ ರೈಡು

"ಒಂದು ಡಿಸ್ನಿ ನೋಡಿದರೆ ಎಲ್ಲ ನೋಡಿದ ಹಾಗೆ" ಅನ್ನುವ ಮಾತು ಆಗಾಗ ಕೇಳುತ್ತೇನೆ. ನನಗೆ ಇದು ಒಪ್ಪಿಗೆಯಿಲ್ಲ. ಹೋಲಿಕೆಯ ನಿಜವಾದ ಖುಷಿ ಇರುವುದೇ ಒಂದೇ ರೈಡು ಊರೂರಿಗೆ ಹೇಗೆ ಬದಲಾಗಿದೆ ಅಂತ ನೋಡುವುದರಲ್ಲಿ.

ಹಾಂಟೆಡ್ ಮ್ಯಾನ್ಷನ್ ತೆಗೆದುಕೊಳ್ಳಿ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ ಇದು ತೆರೆದದ್ದು 1969ರಲ್ಲಿ. ಒಳಗೆ ಹೋದ ಕೂಡಲೇ ಎಂಟು ಮೂಲೆಯ ಒಂದು ಕೋಣೆಯಲ್ಲಿ ನಿಲ್ಲಿಸುತ್ತಾರೆ. ಬಾಗಿಲು ಮುಚ್ಚುತ್ತದೆ. ಗೋಡೆಗಳು ನಿಧಾನವಾಗಿ ಉದ್ದವಾಗುತ್ತವೆ, ಗೋಡೆಯ ಚಿತ್ರಗಳ ಕೆಳಭಾಗ ಕಾಣಿಸತೊಡಗುತ್ತದೆ. ನಾವು ನಿಂತಿರುವುದು ಒಂದು ಲಿಫ್ಟ್‌ನಲ್ಲಿ, ಅದು ಕೆಳಗೆ ಇಳಿಯುತ್ತಿದೆ. ಯಾಕೆ ಅಂದರೆ ರೈಡಿನ ದೊಡ್ಡ ಕಟ್ಟಡ ಇರುವುದು ಪಾರ್ಕಿನ ಸುತ್ತ ಓಡುವ ರೈಲು ಹಳಿಯ ಆಚೆ. ಜನರನ್ನು ನೆಲದ ಕೆಳಗೆ ಇಳಿಸಿ, ಹಳಿಯ ಅಡಿಯಲ್ಲಿ ದಾಟಿಸಿ ಅಲ್ಲಿಗೆ ಕರೆದೊಯ್ಯಬೇಕು. ಫ್ಲಾರಿಡಾದಲ್ಲಿ ನೆಲ ಅಗೆದರೆ ನೀರು, ದಾಟಬೇಕಾದ ಹಳಿಯೂ ಇಲ್ಲ. ಅಲ್ಲಿ ನೆಲ ಕದಲುವುದಿಲ್ಲ, ಮೇಲಿನ ಚಾವಣಿ ಏರುತ್ತದೆ. ಒಳಗೆ ನಿಂತವರ ಕಣ್ಣಿಗೆ ಎರಡೂ ಒಂದೇ. ಎರಡನ್ನೂ ನೋಡಿದವರು ಅಂಗಾಲಿನಲ್ಲಿ ವ್ಯತ್ಯಾಸ ಹುಡುಕಬೇಕು.

ಪ್ಯಾರಿಸ್‌ನಲ್ಲಿ ಇದೇ ಕಥೆ ಫ್ಯಾಂಟಮ್ ಮ್ಯಾನರ್ ಆಗಿ, ಅಮೆರಿಕದ ಹಳೇ ಗಣಿ ಊರಿನ ಗುಡ್ಡದ ಮೇಲೆ ಕೂತಿದೆ, ಅದರ ಛಾಯೆಯೇ ಹೆಚ್ಚು ಕತ್ತಲೆ. ಟೋಕಿಯೋದಲ್ಲಿ ಅದು ಫ್ಯಾಂಟಸಿಲ್ಯಾಂಡ್‌ನಲ್ಲಿ, ಮಕ್ಕಳ ಕಥೆಗಳ ಪಕ್ಕದಲ್ಲಿ. ಹಾಂಗ್‌ಕಾಂಗ್‌ನಲ್ಲಿ ದೆವ್ವವನ್ನೇ ಕೈಬಿಟ್ಟರು. ಸತ್ತವರ ಬಗ್ಗೆ ಅಲ್ಲಿನ ಜನರ ಭಾವನೆ ಬೇರೆ. 2013ರಲ್ಲಿ ತೆರೆದ ಅಲ್ಲಿನ ಮಿಸ್ಟಿಕ್ ಮ್ಯಾನರ್‌ನಲ್ಲಿ ಆಲ್ಬರ್ಟ್ ಎಂಬ ಕೋತಿ ಒಂದು ಮಾಯಾ ಪೆಟ್ಟಿಗೆ ತೆರೆದುಬಿಡುತ್ತದೆ, ಮನೆಯಲ್ಲಿದ್ದ ವಸ್ತುಗಳಿಗೆಲ್ಲ ಜೀವ ಬರುತ್ತದೆ. ಗಾಡಿಗಳಿಗೆ ಹಳಿಯೂ ಇಲ್ಲ. ನನ್ನ ಮಟ್ಟಿಗೆ ಹಾಂಗ್‌ಕಾಂಗ್ ಪಾರ್ಕ್ ಚಿಕ್ಕದು ಅಂತ ಬಿಡುವವರು ಕಳೆದುಕೊಳ್ಳುವುದು ಇದನ್ನೇ.

ಹಳಿ ಇಲ್ಲದ ಗಾಡಿ ಏನು ಮಾಡಬಲ್ಲದು ಅಂತ ಹತ್ತಿರದಿಂದ ನೋಡಬೇಕಾದರೆ ಟೋಕಿಯೋದ ಪೂಹ್ಸ್ ಹನಿ ಹಂಟ್‌ಗೆ, ಅಂದರೆ ವಿನ್ನಿ ದ ಪೂ ಎಂಬ ಕರಡಿಯ ಕಥೆಯ ರೈಡಿಗೆ ಹೋಗಬೇಕು. 2000ದಲ್ಲಿ ತೆರೆದದ್ದು. ಫ್ಲಾರಿಡಾದಲ್ಲೂ ವಿನ್ನಿ ದ ಪೂ ರೈಡ್ ಇದೆ, ಅಲ್ಲಿ ಗಾಡಿ ಹಳಿಯ ಮೇಲೆ ಒಂದರ ಹಿಂದೆ ಒಂದು ಸಾಗುತ್ತದೆ. ಟೋಕಿಯೋದಲ್ಲಿ ಕೂರುವುದು ಜೇನಿನ ಗಡಿಗೆಯಲ್ಲಿ. ಮೂರು ಗಡಿಗೆ ಒಟ್ಟಿಗೆ ಹೊರಡುತ್ತವೆ, ಒಂದೊಂದೂ ಬೇರೆ ದಾರಿ ಹಿಡಿಯುತ್ತದೆ. ಕಥೆಯ ಹುಲಿ ಟಿಗರ್ ಕುಣಿಯುವಾಗ ಗಡಿಗೆಯೂ ಕುಣಿಯುತ್ತದೆ. ಕನಸಿನ ದೃಶ್ಯದಲ್ಲಿ ಹಲವು ಗಡಿಗೆಗಳು ಒಂದೇ ಅಂಗಳಕ್ಕೆ ಬಂದು ಸುತ್ತುತ್ತಾ, ಹಿಂದೆ ಸರಿಯುತ್ತಾ, ಇನ್ನೇನು ಡಿಕ್ಕಿ ಅನ್ನುವಷ್ಟರಲ್ಲಿ ಪಕ್ಕದಿಂದ ಜಾರಿಹೋಗುತ್ತವೆ. ಪ್ರತಿ ಗಡಿಗೆ ಎಲ್ಲಿದೆ ಅನ್ನುವುದು ಕಂಪ್ಯೂಟರಿಗೆ ಗೊತ್ತಿರುತ್ತದೆ, ಎಲ್ಲವನ್ನೂ ಒಟ್ಟಿಗೆ ನಡೆಸುತ್ತದೆ. ಎರಡನೇ ಸಲ ಹತ್ತಿದರೆ ಬೇರೆ ಗಡಿಗೆ, ಬೇರೆ ದಾರಿ. ಟೋಕಿಯೋ ಪಾರ್ಕುಗಳ ಮಾಲೀಕತ್ವ ಡಿಸ್ನಿಯದಲ್ಲ ಅನ್ನುವುದು ಇಲ್ಲಿ ನೆನಪಿಡಬೇಕಾದ ಮಾತು. ಓರಿಯೆಂಟಲ್ ಲ್ಯಾಂಡ್ ಎಂಬ ಜಪಾನಿನ ಕಂಪನಿ ಡಿಸ್ನಿಯಿಂದ ಹಕ್ಕು ಪಡೆದು 1983ರಿಂದ ನಡೆಸುತ್ತಿದೆ, ಏನು ಕಟ್ಟಬೇಕು ಅನ್ನುವುದಕ್ಕೆ ಸುರಿಯುವ ದುಡ್ಡು ಅದರದೇ. ಟೋಕಿಯೋದಲ್ಲೇ 2001ರಲ್ಲಿ ಬಂದ ಡಿಸ್ನಿಸೀ ಅಂಥ ಪಾರ್ಕು ಜಗತ್ತಿನಲ್ಲಿ ಇನ್ನೊಂದಿಲ್ಲ. ಒಂದೇ ಒಂದು ಪಾರ್ಕಿಗೆ ದುಡ್ಡಿದೆ ಅನ್ನುವವರಿಗೆ ನಾನು ಕಣ್ಣು ಮುಚ್ಚಿ ಹೇಳುವ ಹೆಸರು ಅದು.

ಭಾಷೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಟೋಕಿಯೋದಲ್ಲಿ ರೈಡಿನ ಮಾತು ಜಪಾನಿ, ಶಾಂಘೈನಲ್ಲಿ ಮ್ಯಾಂಡರಿನ್. ಸಂಗೀತ, ಬೆಳಕಿನ ಮೇಲೆ ನಿಂತ ರೈಡಿಗೆ ಇದರಿಂದ ತೊಂದರೆಯಿಲ್ಲ. ಜಂಗಲ್ ಕ್ರೂಸ್ ಹಾಗಲ್ಲ, ಅದರ ಸೊಗಸೆಲ್ಲ ದೋಣಿ ನಡೆಸುವವರ ಹಾಸ್ಯದಲ್ಲಿದೆ. ಹಾಂಗ್‌ಕಾಂಗ್‌ನಲ್ಲಿ ಇದಕ್ಕೆ ಇಂಗ್ಲಿಷ್, ಕ್ಯಾಂಟನೀಸ್, ಮ್ಯಾಂಡರಿನ್ ಅಂತ ಮೂರು ಸಾಲು ಮಾಡಿದ್ದಾರೆ. ನಿಮ್ಮ ಭಾಷೆಯ ಸಾಲು ಉದ್ದವಿದ್ದರೂ ಅದರಲ್ಲೇ ನಿಲ್ಲಿ.

ಒಂದೇ ಹೆಸರು ಅಂದ ಮಾತ್ರಕ್ಕೆ ಒಂದೇ ಗಾತ್ರ ಅಂತಲೂ ಅಲ್ಲ. ಸೂಪರ್ ನಿಂಟೆಂಡೋ ವರ್ಲ್ಡ್ ಒಸಾಕಾದಲ್ಲಿ 2021ರಲ್ಲಿ ತೆರೆಯಿತು, ಅಲ್ಲಿ ಮಾರಿಯೋ ಕಾರ್ಟ್ ಜೊತೆ ಯೋಶಿ ರೈಡೂ ಇದೆ, 2024ರ ಕೊನೆಗೆ ಡಾಂಕಿ ಕಾಂಗ್ ಸೇರಿತು. 2023ರಲ್ಲಿ ಹಾಲಿವುಡ್‌ನಲ್ಲಿ ತೆರೆದದ್ದು ಚಿಕ್ಕದು, ಅಲ್ಲಿ ಮಾರಿಯೋ ಕಾರ್ಟ್ ಒಂದೇ ರೈಡು. ಆದರೆ ನಿಜವಾಗಿ ಸಿನಿಮಾ ತಯಾರಾಗುವ ಸ್ಟುಡಿಯೋ ಒಳಗೆ ಟ್ರಾಮ್‌ನಲ್ಲಿ ಸುತ್ತುವುದು ಹಾಲಿವುಡ್‌ನಲ್ಲಿ ಮಾತ್ರ. ಸಿಂಗಪುರದ ಸೆಂಟೋಸಾದಲ್ಲಿರುವ ಯೂನಿವರ್ಸಲ್ ಸುಮಾರು 20 ಹೆಕ್ಟೇರು, ಒಂದು ದಿನದಲ್ಲಿ ನೆಮ್ಮದಿಯಾಗಿ ಮುಗಿಯುತ್ತದೆ. ಬೇರೆ ಕೆಲಸದ ಮೇಲೆ ಹೋದವರಿಗೆ ಅದು ಸರಿ. ಪಾರ್ಕಿಗಾಗಿಯೇ ವಿಮಾನ ಹತ್ತುವವರು ಒಸಾಕಾಗೋ ಒರ್ಲಾಂಡೋಗೋ ಹೋಗಲಿ. ಒರ್ಲಾಂಡೋದಲ್ಲಿ ಈಗ 2025ರ ಮೇ ತಿಂಗಳಲ್ಲಿ ತೆರೆದ ಎಪಿಕ್ ಯೂನಿವರ್ಸ್ ಕೂಡ ಇದೆ.

ನೆಲ, ಗೋಡೆ, ಗೇಟಿನವರೆಗಿನ ದಾರಿ

1955ರ ಜುಲೈನಲ್ಲಿ ತೆರೆದ ಡಿಸ್ನಿಲ್ಯಾಂಡ್ ಸುತ್ತ ಮಣ್ಣಿನ ದಿಬ್ಬ ಹಾಕಿದರು. ಹೊರಗಿನ ರಸ್ತೆ ಒಳಗಿನವರಿಗೆ ಕಾಣಬಾರದು. ಮ್ಯಾಜಿಕ್ ಕಿಂಗ್‌ಡಂನಲ್ಲಿ ಇನ್ನೂ ಮುಂದೆ ಹೋದರು. ಅಲ್ಲಿ ಜನ ಓಡಾಡುವುದು ಎರಡನೇ ಮಹಡಿಯಲ್ಲಿ. ಅಡಿಯಲ್ಲಿ ಸಿಬ್ಬಂದಿ, ಸಾಮಾನು, ಕಸ ಎಲ್ಲ ಸಾಗುವ ಸುರಂಗಗಳಿವೆ. ಅಗೆದರೆ ನೀರು ಬರುವ ಜಾಗ ಅಲ್ವಾ, ಹಾಗಾಗಿ ಸುರಂಗವನ್ನು ನೆಲದ ಮಟ್ಟದಲ್ಲೇ ಕಟ್ಟಿ, ಅದರ ಮೇಲೆ ಪಾರ್ಕು ಕಟ್ಟಿದರು. ಕೌಬಾಯ್ ವೇಷದವನು ಭವಿಷ್ಯದ ಬೀದಿಯಲ್ಲಿ ಹಾದುಹೋಗಬಾರದು ಅನ್ನುವುದಕ್ಕೆ ಇಷ್ಟೆಲ್ಲ. ಸಿಂಡರೆಲಾ ಕೋಟೆ 189 ಅಡಿ. 200 ಅಡಿ ಮುಟ್ಟಿದರೆ ವಿಮಾನಗಳಿಗಾಗಿ ತುದಿಯಲ್ಲಿ ಮಿನುಗುವ ದೀಪ ಹಾಕಬೇಕಾಗುತ್ತಿತ್ತು. ಮೇಲೆ ಹೋದಂತೆ ಕಲ್ಲು, ಕಿಟಕಿಗಳ ಅಳತೆ ಚಿಕ್ಕದಾಗುತ್ತಾ ಹೋಗುವುದರಿಂದ ಕೋಟೆ ಇರುವುದಕ್ಕಿಂತ ಎತ್ತರ ಕಾಣುತ್ತದೆ. ಕ್ಯಾಲಿಫೋರ್ನಿಯಾದ ಮೊದಲ ಕೋಟೆ ಬರೀ 77 ಅಡಿ.

ಹೋಲಿಕೆಯಲ್ಲಿ ಜನ ಮರೆಯುವುದು ಗೇಟಿನವರೆಗಿನ ಹೊತ್ತನ್ನು. ಟೋಕಿಯೋ ಸ್ಟೇಷನ್‌ನಿಂದ ಪಾರ್ಕಿನ ಹತ್ತಿರದ ನಿಲ್ದಾಣ ಮೈಹಾಮಾಗೆ ರೈಲಿನಲ್ಲಿ ಕಾಲು ಗಂಟೆ ಚಿಲ್ಲರೆ. ಪ್ಯಾರಿಸ್ ನಡುವಿನಿಂದ ಆರ್‌ಇಆರ್ ರೈಲಿನಲ್ಲಿ ಸುಮಾರು 40 ನಿಮಿಷ, ಇಳಿದರೆ ಎದುರಿಗೇ ಪಾರ್ಕು. ಮ್ಯಾಜಿಕ್ ಕಿಂಗ್‌ಡಂಗೆ ಕಾರಿನಲ್ಲಿ ಬಂದವರು ಪಾರ್ಕಿಂಗ್‌ನಿಂದ ಮಾನೋರೈಲು ಅಥವಾ ದೋಣಿ ಹಿಡಿದು ಕೆರೆ ದಾಟಬೇಕು. ವಾಲ್ಟ್ ಡಿಸ್ನಿ ವರ್ಲ್ಡ್ ಸುಮಾರು 25,000 ಎಕರೆಯ ಜಾಗ, ನಾಲ್ಕು ಪಾರ್ಕುಗಳ ನಡುವೆ ಮೈಲಿಗಟ್ಟಲೆ ದೂರ. ಟೋಕಿಯೋ, ಪ್ಯಾರಿಸ್‌ನಲ್ಲಿ ಊರು ನೋಡುತ್ತಾ ನಡುವೆ ಒಂದು ದಿನ ಪಾರ್ಕಿಗೆ ಹೋಗಿಬರಬಹುದು. ಒರ್ಲಾಂಡೋ ಹಾಗಲ್ಲ, ಅದಕ್ಕೆ ವಾರವನ್ನೇ ಕೊಡಬೇಕು.

ಬೇರೆ ಅಳತೆಗೋಲಿನ ಪಾರ್ಕುಗಳು

ಡಿಸ್ನಿ, ಯೂನಿವರ್ಸಲ್ ಎರಡನ್ನೇ ನೋಡುವವರಿಗೆ ಯುರೋಪಿನ ಹಳೆಯ ಪಾರ್ಕುಗಳ ಪರಿಚಯ ಆಗುವುದೇ ಇಲ್ಲ. ಇದು ನನಗೆ ಬೇಸರದ ವಿಷಯ. ನೆದರ್ಲ್ಯಾಂಡ್ಸ್‌ನ ಎಫ್ಟೆಲಿಂಗ್ ತನ್ನ ಕಥೆಗಳ ಕಾಡನ್ನು ತೆರೆದದ್ದು 1952ರಲ್ಲಿ, ಡಿಸ್ನಿಲ್ಯಾಂಡ್‌ಗೂ ಮೂರು ವರ್ಷ ಮೊದಲು. ಇಂದಿಗೂ ಅದರ ಒಡೆತನ ಒಂದು ಪ್ರತಿಷ್ಠಾನದ್ದು. ಅಲ್ಲಿ ಮರಗಳ ನಡುವೆ ಬಾಯಿ ತೆರೆದು ಕೂತ ದಪ್ಪ ಗೊಂಬೆ ಹೈಸ್ ಇದ್ದಾನೆ. ಅವನು ಕಸದ ಬುಟ್ಟಿ. "ಕಾಗದ ಇಲ್ಲಿ ಹಾಕಿ" ಅಂತ ಡಚ್‌ನಲ್ಲಿ ಕೂಗುತ್ತಿರುತ್ತಾನೆ. ಬಾಯಿಗೆ ಕಾಗದ ಹಿಡಿದರೆ ಸೊರ್ ಅಂತ ಎಳೆದುಕೊಂಡು ಥ್ಯಾಂಕ್ಸ್ ಹೇಳುತ್ತಾನೆ. ಮಕ್ಕಳು ಅವನಿಗೆ ತಿನ್ನಿಸಲು ನೆಲದ ಮೇಲೆ ಕಾಗದ ಹುಡುಕುತ್ತಾ ಓಡಾಡುತ್ತಾರೆ. ಕ್ಯೂ ಇಲ್ಲ, ಎತ್ತರದ ಮಿತಿ ಇಲ್ಲ, ಗಂಟೆಯ ಲೆಕ್ಕ ಇಲ್ಲ. ಹನ್ನೊಂದು ಗಂಟೆಯನ್ನು ಹೇಗೆ ತುಂಬಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಕೋಪನ್‌ಹೇಗನ್‌ನ ಟಿವೊಲಿ 1843ರದು, ಊರಿನ ಮುಖ್ಯ ರೈಲು ನಿಲ್ದಾಣದ ಪಕ್ಕದಲ್ಲೇ ಇದೆ. ಅಲ್ಲಿ ಒಳಗೆ ಹೋಗಲು ಒಂದು ಟಿಕೆಟ್, ರೈಡಿಗೆ ಬೇರೆ. ಹೂದೋಟದಲ್ಲಿ ಸುತ್ತಾಡಿ, ಸಂಗೀತ ಕೇಳಿ ಬರುವವರು ರೈಡಿನ ದುಡ್ಡು ಕೊಡಬೇಕಿಲ್ಲ. ಅಜ್ಜಿ ತಾತನ ಜೊತೆ ಹೋಗುವವರಿಗೆ ಈ ಪದ್ಧತಿಯಿಂದ ಎಷ್ಟೋ ಉಳಿತಾಯ. ಅಲ್ಲಿನ 1914ರ ಮರದ ಕೋಸ್ಟರ್‌ನಲ್ಲಿ ಇಂದಿಗೂ ಟ್ರೈನಿನ ಮೇಲೆಯೇ ಒಬ್ಬರು ಬ್ರೇಕು ಹಿಡಿದು ಕೂತಿರುತ್ತಾರೆ, ಇಳಿಜಾರಿನಲ್ಲಿ ಎಷ್ಟು ವೇಗ ಬೇಕು ಅನ್ನುವುದು ಅವರ ಕೈಯಲ್ಲಿ.

ಜರ್ಮನಿಯ ರುಸ್ಟ್ ಊರಿನ ಯುರೋಪಾ ಪಾರ್ಕ್ 1975ರಲ್ಲಿ ಶುರುವಾದದ್ದು ರೈಡು ತಯಾರಿಸುವ ಮ್ಯಾಕ್ ಕುಟುಂಬದಿಂದ. ತಮ್ಮ ಸರಕನ್ನು ಗಿರಾಕಿಗಳಿಗೆ ಓಡಿಸಿ ತೋರಿಸಲು ಒಂದು ಜಾಗ ಬೇಕಿತ್ತು. ಕೋಸ್ಟರ್ ಹುಚ್ಚಿನವರು ಅಮೆರಿಕದ ಒಹಾಯೋದಲ್ಲಿ ಈರಿ ಸರೋವರದ ದಂಡೆಯಲ್ಲಿರುವ ಸೀಡರ್ ಪಾಯಿಂಟ್‌ಗೆ ಹೋಗಬೇಕು, 310 ಅಡಿಯ ಮಿಲೆನಿಯಮ್ ಫೋರ್ಸ್ ಅಲ್ಲಿದೆ. ಅಬುಧಾಬಿಯ ಯಾಸ್ ದ್ವೀಪದಲ್ಲಿ ವಾರ್ನರ್ ಬ್ರದರ್ಸ್ ಪಾರ್ಕು ಪೂರ್ತಿ ಚಾವಣಿಯ ಕೆಳಗೆ, ಎಸಿ ತಂಪಿನಲ್ಲಿದೆ. ಪಕ್ಕದ ಫೆರಾರಿ ವರ್ಲ್ಡ್‌ನ ಫಾರ್ಮುಲಾ ರೊಸ್ಸಾ ಕೋಸ್ಟರ್ ಗಂಟೆಗೆ 240 ಕಿ.ಮೀ. ಮುಟ್ಟುತ್ತದೆ, ಮುಂದೆ ಕೂರುವವರಿಗೆ ಕಣ್ಣಿಗೆ ಕನ್ನಡಕ ಕೊಟ್ಟೇ ಬಿಡುತ್ತಾರೆ.

ಫ್ರಾನ್ಸ್‌ನ ಪುಯಿ ದು ಫೂನಲ್ಲಂತೂ ರೈಡುಗಳೇ ಇಲ್ಲ. ರೋಮನ್ ರಥಗಳ ಓಟ, ವೈಕಿಂಗ್ ದಾಳಿ, ಹಾರಾಡುವ ಹದ್ದುಗಳು, ಎಲ್ಲ ದೊಡ್ಡ ದೊಡ್ಡ ಬಯಲು ರಂಗಗಳಲ್ಲಿ ನಡೆಯುವ ಆಟಗಳು. ಒಂದು ಆಟಕ್ಕೆ ಸಾವಿರಾರು ಜನ ಒಟ್ಟಿಗೆ ಕೂರಬಹುದಾದ್ದರಿಂದ ಕ್ಯೂ ಲೆಕ್ಕವೇ ಬೇರೆ. ಅಲ್ಲಿ ಬೇಕಾದದ್ದು ವೇಳಾಪಟ್ಟಿ.

ಯಾವಾಗ ಹೋಗಬೇಕು

ಇಷ್ಟೆಲ್ಲ ಲೆಕ್ಕವನ್ನೂ ತಲೆಕೆಳಗು ಮಾಡುವುದು ತಪ್ಪು ದಿನಾಂಕ. ನಮ್ಮ ರಜೆ ನೋಡಿ ಹೊರಡುತ್ತೇವೆ, ಆ ದೇಶದ ರಜೆ ನೋಡುವುದಿಲ್ಲ. ಜಪಾನಿನಲ್ಲಿ ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗಿನ ಗೋಲ್ಡನ್ ವೀಕ್, ಆಗಸ್ಟ್ ನಡುವಿನ ಓಬೋನ್; ಚೀನಾದಲ್ಲಿ ಅಕ್ಟೋಬರ್ 1ರಿಂದ ಶುರುವಾಗುವ ರಜಾ ವಾರ; ಅಮೆರಿಕದಲ್ಲಿ ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ. ಈ ದಿನಗಳಲ್ಲಿ ನೂಕುನುಗ್ಗಲು ತಪ್ಪಿದ್ದಲ್ಲ. ಶಾಲೆ ನಡೆಯುತ್ತಿರುವ ವಾರದ ನಡುದಿನವೇ ಒಳ್ಳೆಯದು. ಫ್ಲಾರಿಡಾದ ಬೇಸಿಗೆಯಲ್ಲಿ ಮಧ್ಯಾಹ್ನ ಗುಡುಗು ಮಳೆ ಮಾಮೂಲಿ. ಮಿಂಚು ಹತ್ತಿರ ಬಂದರೆ ಬಯಲಿನ ರೈಡೆಲ್ಲ ನಿಲ್ಲುತ್ತವೆ, ಜನ ಚಾವಣಿ ಇರುವ ರೈಡಿಗೆ ನುಗ್ಗುತ್ತಾರೆ. ಕೋಸ್ಟರ್‌ಗಳನ್ನು ಬೆಳಗ್ಗೆಯೇ ಮುಗಿಸುವುದು ಜಾಣತನ.

ದುರಸ್ತಿಯ ಪಟ್ಟಿಯನ್ನು ಟಿಕೆಟ್ ಕೊಳ್ಳುವ ಮುಂಚೆಯೇ ನೋಡಿ. ದೊಡ್ಡ ಪಾರ್ಕುಗಳು ಯಾವ ರೈಡು ಯಾವಾಗ ಮುಚ್ಚಿರುತ್ತದೆ ಅಂತ ಮೊದಲೇ ಹಾಕುತ್ತವೆ. ಟೋಕಿಯೋದ ಸ್ಪೇಸ್ ಮೌಂಟನ್ ಹೊಸದಾಗಿ ಕಟ್ಟಲು 2024ರ ಜುಲೈನಲ್ಲಿ ಮುಚ್ಚಿತು, ಮತ್ತೆ ತೆರೆಯಲು ಗೊತ್ತುಮಾಡಿರುವುದು 2027. ಮಕ್ಕಳಿದ್ದರೆ ಮನೆಯಲ್ಲೇ ಎತ್ತರ ಅಳೆದುಕೊಳ್ಳಿ. 102 ಸೆಂಟಿಮೀಟರ್, 122 ಸೆಂಟಿಮೀಟರ್ ಅನ್ನುವ ಗೆರೆಗಳು ಬಹಳ ಕಡೆ ಬರುತ್ತವೆ. ಸಾಲಿನ ಬಾಯಲ್ಲೇ ಕೋಲು ಹಿಡಿದು ಅಳೆಯುತ್ತಾರೆ, ಒಂದು ಸೆಂಟಿಮೀಟರ್ ಕಡಿಮೆ ಇದ್ದರೂ ಬಿಡುವುದಿಲ್ಲ. ಬಿಡಬಾರದು ಕೂಡ, ಬಾರ್ ಮೈಗೆ ಸರಿಯಾಗಿ ಕೂರಬೇಕಲ್ಲ. ಪುಟ್ಟ ಮಗು ಹತ್ತುವ ಹಾಗಿಲ್ಲ ಅಂದರೆ ರೈಡರ್ ಸ್ವಿಚ್ ಕೇಳಿ. ಒಬ್ಬರು ಹೋಗಿಬರುವವರೆಗೆ ಇನ್ನೊಬ್ಬರು ಮಗು ನೋಡಿಕೊಳ್ಳಬಹುದು, ಆಮೇಲೆ ಎರಡನೆಯವರು ಮತ್ತೆ ಪೂರ್ತಿ ಸಾಲು ನಿಲ್ಲದೆ ಹತ್ತಬಹುದು. ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ.

ಬೆಳಗ್ಗೆ ಗೇಟು ತೆರೆಯುವುದಕ್ಕೆ ಮುಕ್ಕಾಲು ಗಂಟೆ ಮುಂಚೆ ಅಲ್ಲಿರಿ. ಮೊದಲ ಒಂದು ಗಂಟೆಯಲ್ಲಿ ಆಗುವಷ್ಟು ರೈಡು ಮಧ್ಯಾಹ್ನದ ಮೂರು ಗಂಟೆಯಲ್ಲೂ ಆಗುವುದಿಲ್ಲ. ರಾತ್ರಿಗೂ ಹಾಗೆಯೇ. ಹೆಚ್ಚಿನ ಪಾರ್ಕುಗಳಲ್ಲಿ ಮುಚ್ಚುವ ಹೊತ್ತಿಗೆ ಸಾಲಿನೊಳಗೆ ಇದ್ದವರನ್ನೆಲ್ಲ ಹತ್ತಿಸಿಯೇ ಕಳಿಸುತ್ತಾರೆ. ಒಂಬತ್ತಕ್ಕೆ ಮುಚ್ಚುವುದಾದರೆ, ದಿನವಿಡೀ ಉದ್ದ ಸಾಲಿದ್ದ ಆ ಒಂದು ರೈಡಿಗೆ ಎಂಟು ಐವತ್ತಕ್ಕೆ ಹೋಗಿ ನಿಲ್ಲಿ.